ಲಿಫ್ಟ್ ಮಾಡಿದ ಗಾಡಿಗೆ ಸರಿಯಾದ ಶಾಕ್ ಅಬ್ಸಾರ್ಬರ್ ಸಿಕ್ಕಿದ್ದು ಹೀಗೆ

ಗಾಡಿಯನ್ನು 2 ಇಂಚು ಮೇಲೆತ್ತಲು (ಇದೇ ಲಿಫ್ಟ್) ಗಟ್ಟಿ ಕಾಯಿಲ್ ಸ್ಪ್ರಿಂಗ್ ಹಾಕಿದ ಮೇಲೆ ಹಳ್ಳಕ್ಕೆ ಚಕ್ರ ಇಳಿದಾಗಲೆಲ್ಲ ಹಿಂದೆ ಟಕ್ ಅಂತ ಸದ್ದು ಬರುತ್ತಿತ್ತು. ಹಳೇ ಶಾಕ್‌ನ ಉದ್ದ ಸಾಲದೆ, ಅದು ಪೂರ್ತಿ ಎಳೆದುಕೊಂಡು, ಚಕ್ರಗಳನ್ನು ಜೋಡಿಸುವ ಆಕ್ಸಲ್ ಅನ್ನು ತಡೆದು ನಿಲ್ಲಿಸುತ್ತಿತ್ತು. ಹೀಗೇ ಬಿಟ್ಟರೆ ಶಾಕ್ ಕೂರಿಸುವ ಮೌಂಟ್ ಕೂಡ ಕಿತ್ತು ಬರಬಹುದು.

ಡಬ್ಬಿ ಮೇಲೆ '2 ಇಂಚು ಲಿಫ್ಟ್‌ಗೆ' ಅಂತ ಬರೆದಿದ್ದರೆ ಸಾಲದು, ಅಳತೆ ಬೇಕೇ ಬೇಕು. ಷಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸ್ಪ್ರಿಂಗ್, ಶಾಕ್ ಎರಡೂ ಬಿಚ್ಚಿದೆ. ಬಂಪ್ ಸ್ಟಾಪ್ (ಆಕ್ಸಲ್ ಷಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ಚೆನ್ನಾಗಿ ಒತ್ತುವವರೆಗೆ ಆಕ್ಸಲ್ ಅನ್ನು ಜಾಕ್‌ನಿಂದ ಏರಿಸಿ, ಎರಡು ಮೌಂಟ್‌ಗಳ ನಡುವೆ ಟೇಪ್ ಹಿಡಿದೆ. ಹೊಸ ಶಾಕ್ ಪೂರ್ತಿ ಒತ್ತಿದಾಗಿನ ಉದ್ದ ಇದಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪ್‌ಗಿಂತ ಮೊದಲು ಶಾಕೇ ಏಟು ತಿನ್ನುತ್ತದೆ. ಆಮೇಲೆ ಆಕ್ಸಲ್ ನಿಧಾನವಾಗಿ ಇಳಿಸುತ್ತಾ ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಹೋಗುವ ಪೈಪ್) ಮೇಲೇ ಕಣ್ಣಿಟ್ಟೆ. ಅದು ಬಿಗಿಯಾಗುವ ಮೊದಲೇ ನಿಲ್ಲಿಸಿ ಇನ್ನೊಂದು ಅಳತೆ ತೆಗೆದೆ. ಪೂರ್ತಿ ಚಾಚಿದ ಶಾಕ್ ಇದನ್ನು ದಾಟಬಾರದು, ಸ್ಪ್ರಿಂಗ್ ಕೂಡ ತನ್ನ ಜಾಗದಿಂದ ಕಳಚಬಾರದು. ಜಾಸ್ತಿ ಉದ್ದ ಇದ್ದರೆ ಒಳ್ಳೆಯದು ಅಂತ ತುಂಬ ಜನ ಅಂದುಕೊಳ್ಳುತ್ತಾರೆ, ಆದರೆ ಹೋಸ್ ಹರಿದರೆ ಬ್ರೇಕ್ ಕೈಕೊಡುತ್ತದೆ ಅಲ್ವಾ?

ಗಟ್ಟಿ ಸ್ಪ್ರಿಂಗ್ ಜೋರಾಗಿ ವಾಪಸ್ ಒದೆಯುತ್ತದೆ, ಅದಕ್ಕೇ ರಿಬೌಂಡ್ (ಸ್ಪ್ರಿಂಗ್ ವಾಪಸ್ ಚಾಚುವುದನ್ನು ನಿಧಾನಿಸುವ ತಡೆ) ಬಿಗಿ ಇರುವ ಶಾಕ್ ಆರಿಸಿದೆ. ಒಂದೇ ಕೊಳವೆಯ ಮೋನೋಟ್ಯೂಬ್ ಶಾಕ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಕಲ್ಲು ಬಡಿದು ಅದರ ಸಿಲಿಂಡರ್‌ಗೆ ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನದು ನಿಧಾನದ ಕಲ್ಲುದಾರಿ, ಹಾಗಾಗಿ ಒಂದರೊಳಗೊಂದು ಎರಡು ಕೊಳವೆ ಇರುವ ಟ್ವಿನ್‌ಟ್ಯೂಬ್ ಸಾಕಾಯಿತು.

ಶಾಕ್ ತುದಿಯ ರಬ್ಬರ್ ಬುಶ್‌ನ ಬೋಲ್ಟ್‌ಗಳನ್ನು ಮಾತ್ರ ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿ ಮಾಡಿದೆ, ರಬ್ಬರ್ ತಿರುಚಿಕೊಳ್ಳದಿರಲಿ ಅಂತ. ಈಗ ಆ ಸದ್ದಿಲ್ಲ.