ಐರ್ಲೆಂಡಿನ ಹಳ್ಳಿಯಲ್ಲಿ ಸಾಫ್ಟ್‌ಬಾಲ್ ತಂಡ: ಜನ, ಜಾಗ, ಅಳತೆ

ಐರ್ಲೆಂಡಿನ ಪಶ್ಚಿಮದ ಹಳ್ಳಿಗಳಲ್ಲಿ ಸಾಫ್ಟ್‌ಬಾಲ್ ಶುರು ಮಾಡುವವರಿಗೆ ನನ್ನ ಮೊದಲ ಸಲಹೆ: ಒಂದು ತಂಡ ಕಟ್ಟಬೇಡಿ, ಎರಡು ಕಟ್ಟಿ. ಡಬ್ಲಿನ್‌ನಲ್ಲಿ ಲೀಗ್ ಇದೆ, ಎದುರಾಳಿಗಳಿಗೆ ಬರವಿಲ್ಲ. ಮೇಯೋ, ರಾಸ್‌ಕಾಮನ್ ಕಡೆ ಎದುರಾಳಿ ಬೇಕೆಂದರೆ ಗಂಟೆಗಟ್ಟಲೆ ಕಾರು ಓಡಿಸಬೇಕು. ಬರೀ ಅಭ್ಯಾಸ ಮಾಡಿಸುತ್ತಾ ಕೂತರೆ ಕೆಲವೇ ವಾರದಲ್ಲಿ ಜನ ಕರಗುತ್ತಾರೆ. ಆದ್ದರಿಂದ ನಾವು ಮೊದಲ ಸಂಜೆಯಿಂದಲೇ ಪಂದ್ಯ ಆಡಿಸಿದೆವು, ಬಂದವರನ್ನೇ ಎರಡು ಭಾಗ ಮಾಡಿ. ಪಟ್ಟಿಯಲ್ಲಿ 26 ಹೆಸರಿದ್ದರೆ ಮೈದಾನಕ್ಕೆ 16ರಿಂದ 18 ಜನ ಬರುತ್ತಾರೆ ಎಂದು ಲೆಕ್ಕ ಹಾಕಿಕೊಳ್ಳಿ. ಎಂಟೆಂಟು ಜನರ ಆಟ ಚೆನ್ನಾಗಿಯೇ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಹೊರಮೈದಾನ ಬರಿದಾಗಿ, ಬಿದ್ದ ಚೆಂಡೆಲ್ಲ ರನ್ ಆಗುತ್ತದೆ.

ಬೇಸ್‌ಬಾಲ್ ಯಾಕಲ್ಲ ಎಂದು ಎಲ್ಲರೂ ಕೇಳುತ್ತಾರೆ. ಬೇಸ್‌ಬಾಲ್‌ಗೆ ಮಣ್ಣಿನ ದಿಬ್ಬ ಬೇಕು, 90 ಅಡಿಯ ಬೇಸ್ ಬೇಕು, ಬ್ಯಾಟುಗಾರನ ಹಿಂದೆ ಕೂರುವ ಕ್ಯಾಚರ್‌ಗೆ ಪೂರ್ತಿ ಕವಚ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 60 ಅಡಿ 6 ಇಂಚು ದೂರದಿಂದ ಗಟ್ಟಿ ಚೆಂಡನ್ನು ಗುರಿಗೆ ಎಸೆಯುವ ಒಬ್ಬರಾದರೂ ಬೇಕು. ಅಂಥವರು ಸಿಗದಿದ್ದರೆ ಸಂಜೆಯೆಲ್ಲ ವೈಡ್ ಚೆಂಡು ಎಣಿಸುವುದೇ ಆಗುತ್ತದೆ. ಡಬ್ಲಿನ್‌ನ ಕಾರ್ಕಾ ಪಾರ್ಕ್‌ನಲ್ಲಿ 1998ರಲ್ಲಿ ಅಮೆರಿಕದ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಮಾಲೀಕರಾಗಿದ್ದ ಪೀಟರ್ ಓಮ್ಯಾಲಿಯವರ ನೆರವಿನಿಂದ ಬೇಸ್‌ಬಾಲ್ ಮೈದಾನವೇ ಎದ್ದಿತು. ಹಳ್ಳಿಗೆ ಆ ಭಾಗ್ಯವಿಲ್ಲ. ಊರಿನ ಕಡೆ ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಕಾಣುವ ಸಾಫ್ಟ್‌ಬಾಲ್ ಫಾಸ್ಟ್‌ಪಿಚ್, ಚೆಂಡನ್ನು ವೇಗವಾಗಿ ಎಸೆಯುವುದು. ಐರ್ಲೆಂಡಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ನಿಧಾನವಾಗಿ ಎಸೆಯುವ ಸ್ಲೋಪಿಚ್, ಅದೂ ಗಂಡಸರು ಹೆಂಗಸರು ಕೂಡಿ ಆಡುವುದು. ಹತ್ತು ಜನರ ತಂಡದಲ್ಲಿ ಐದು ಐದು. ಚೆಂಡನ್ನು ಕೆಳಗೈಯಿಂದ, 6ರಿಂದ 12 ಅಡಿ ಎತ್ತರದ ಕಮಾನಿನಲ್ಲಿ ಎಸೆಯಬೇಕು. ಯಾರು ಬೇಕಾದರೂ ಒಂದೆರಡು ಸಂಜೆಯಲ್ಲಿ ಕಲಿಯುತ್ತಾರೆ.

ಜನ ಸಿಗುವುದೆಲ್ಲಿ? ಹಳ್ಳಿಯಲ್ಲಿ ಆಟ ಬಲ್ಲವರನ್ನೆಲ್ಲ ಜಿಎಎ (ಗೇಲಿಕ್ ಫುಟ್‌ಬಾಲ್, ಕೋಲು-ಚೆಂಡಿನ ಹರ್ಲಿಂಗ್‌ನಂಥ ಐರಿಷ್ ಆಟಗಳ ಸಂಘ) ಆಗಲೇ ಬುಕ್ ಮಾಡಿಕೊಂಡಿರುತ್ತದೆ. ಅದರೊಂದಿಗೆ ಪೈಪೋಟಿಗೆ ಇಳಿದರೆ ಸೋಲು ಖಚಿತ. ಸ್ಥಳೀಯ ಕ್ಲಬ್ಬಿನ ಅಭ್ಯಾಸ ಯಾವ ಸಂಜೆಗಳೆಂದು ಮೊದಲು ಕೇಳಿ, ಉಳಿದ ದಿನ ಹಿಡಿಯಿರಿ. ನಮಗೆ ಸಿಕ್ಕಿದ್ದು ಬುಧವಾರ. ಮೇ ಕೊನೆಯಿಂದ ಜೂನ್‌ವರೆಗೆ ಹವಾ ಒಣಗಿದರೆ ಸಾಕು, ರೈತರು ಸೈಲೇಜ್ (ದನಗಳಿಗೆ ಕೂಡಿಡುವ ಹಸಿ ಮೇವು) ಕೊಯ್ಲಿಗೆ ಹೋಗುತ್ತಾರೆ, ಅವತ್ತು ಕರೆದರೂ ಬರುವುದಿಲ್ಲ. ಕರೆಯಲೂ ಬಾರದು. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳ ಮಲಯಾಳಿ, ಕನ್ನಡಿಗ, ಫಿಲಿಪಿನೋ ನರ್ಸ್‌ಗಳಿಗೆ ಉತ್ಸಾಹವಿದೆ, ಆದರೆ ಹಗಲು ಪಾಳಿ ರಾತ್ರಿ 8ರ ಸುಮಾರಿಗೆ ಮುಗಿಯುತ್ತದೆ. ಪಾಳಿ ಪಟ್ಟಿ ಬಂದ ಕೂಡಲೇ ದಿನಾಂಕ ಬರೆಸಿಕೊಳ್ಳಬೇಕು. ನಿಜವಾದ ಕೊರತೆ ಹೆಂಗಸರದು: ಐವರಿಲ್ಲದಿದ್ದರೆ ತಂಡವೇ ಇಲ್ಲ. ಕಮೋಗಿ (ಹೆಂಗಸರ ಹರ್ಲಿಂಗ್) ಆಡಿ ಬಿಟ್ಟವರು, ಮಕ್ಕಳಾದ ಮೇಲೆ ಮೈದಾನ ಮರೆತವರು, ಇವರನ್ನು ಮೊದಲು ಕೇಳಿ, ಗಂಡಸರನ್ನು ಆಮೇಲೆ.

ಅನುಕೂಲವೂ ಒಂದಿದೆ. 1884ರಲ್ಲಿ ಜಿಎಎ ಹುಟ್ಟಿದಾಗಿನಿಂದ ರೌಂಡರ್ಸ್ ಅದರ ಆಟಗಳಲ್ಲೊಂದು. ಪ್ರೈಮರಿ ಶಾಲೆಯಲ್ಲಿ ಅದನ್ನು ಆಡಿದವರು ಬಹಳ. ಬೇಸ್‌ನಿಂದ ಬೇಸ್‌ಗೆ ಓಡುವುದನ್ನು ಅವರಿಗೆ ಹೇಳಿಕೊಡಬೇಕಿಲ್ಲ.

ಜಾಗದ ವಿಷಯ. ಜಿಎಎ ಮೈದಾನದ ಆಸೆ ಬಿಡಿ. ಅದರ ಆಸ್ತಿಯಲ್ಲಿ ಬೇರೆ ಮೈದಾನದ ಆಟಗಳಿಗೆ ಹಳೆಯ ನಿರ್ಬಂಧವಿದೆ. ರೂಲ್ 42 ಎಂದು ಪ್ರಸಿದ್ಧವಾದದ್ದು, 2005ರಲ್ಲಿ ಸಡಿಲಿಸಿದ್ದು ಡಬ್ಲಿನ್‌ನ ದೊಡ್ಡ ಕ್ರೀಡಾಂಗಣ ಕ್ರೋಕ್ ಪಾರ್ಕ್ ಒಂದಕ್ಕೆ. ಸಾಕರ್ ಕ್ಲಬ್ಬಿನ ಅಭ್ಯಾಸ ಮೈದಾನ, ಸಮುದಾಯ ಭವನದ ಹಿಂದಿನ ಹುಲ್ಲು, ಶಾಲೆಯ ಬಯಲು ಕೇಳಿ ನೋಡಿ. ಬೇಸಿಗೆಯಲ್ಲಿ ಸಾಕರ್‌ನವರಿಗೆ ರಜೆಯಿದ್ದರೆ ಜಾಗ ಖಾಲಿ. ಮೂಲೆಯಿಂದ ಎರಡೂ ಕಡೆಗೆ 80 ಮೀಟರ್ ಸಿಕ್ಕರೆ ಉತ್ತಮ. ಸಾಕರ್ ಮೈದಾನದ ಅಗಲ 64 ಮೀಟರ್ ಇದ್ದರೆ ಆ ಗಿಡ್ಡ ಬದಿಯನ್ನು ರೈಟ್ ಫೀಲ್ಡ್‌ಗೆ ಬಿಡಿ, ಬಲಗೈ ಬ್ಯಾಟುಗಾರರು ಹೆಚ್ಚಾಗಿ ಎಡಕ್ಕೇ ಹೊಡೆಯುತ್ತಾರೆ. ಬೇಲಿ ದಾಟಿದರೆ ಎರಡೇ ಬೇಸ್ ಎಂದು ಸ್ಥಳೀಯ ನಿಯಮ ಮಾಡಿ. ಗೋಲುಕಂಬ ಫೌಲ್ ಗೆರೆಯ (ಆಟದ ಬದಿಯ ಎಲ್ಲೆ) ಹೊರಗೆ ಉಳಿಯುವಂತೆ ಮೂಲೆಯಿಂದ 3 ಮೀಟರ್ ಒಳಕ್ಕೆ ಸರಿಯಿರಿ.

ದಿಕ್ಕನ್ನು ಯಾರೂ ಯೋಚಿಸುವುದಿಲ್ಲ. ಬ್ಯಾಟುಗಾರ ನಿಲ್ಲುವ ಹೋಮ್‌ನಿಂದ ಅದರ ನೇರ ಎದುರಿನ ಎರಡನೇ ಬೇಸ್‌ನ ಗೆರೆ ಪೂರ್ವ-ಈಶಾನ್ಯಕ್ಕಿರಲಿ ಎಂದು ಬೇಸ್‌ಬಾಲ್ ನಿಯಮ ಪುಸ್ತಕದ ಸಲಹೆ. ಅದು ಮಧ್ಯಾಹ್ನದ ಆಟಕ್ಕೆ ಸರಿ. ಪಶ್ಚಿಮ ಐರ್ಲೆಂಡಿನಲ್ಲಿ ಜೂನ್ ಸಂಜೆ 8ಕ್ಕೂ ಸೂರ್ಯ ಚೆನ್ನಾಗಿಯೇ ಇರುತ್ತಾನೆ, ಪಶ್ಚಿಮ-ವಾಯವ್ಯದಲ್ಲಿ. ಮುಳುಗುವುದು 10ರ ಹೊತ್ತಿಗೆ. ಆ ಸಲಹೆ ಪಾಲಿಸಿದರೆ 50 ಅಡಿ ದೂರದಲ್ಲಿ ನಿಂತು ಚೆಂಡು ಎಸೆಯುವ ಪಿಚರ್‌ನ ಕಣ್ಣಿಗೆ ಬೆಳಕು ಹೊಡೆಯುತ್ತದೆ, ಬ್ಯಾಟಿನಿಂದ ಬರುವ ಚೆಂಡು ಕಾಣುವುದಿಲ್ಲ. ಹೋಮ್ ಪ್ಲೇಟನ್ನು ಉತ್ತರದ ಮೂಲೆಗೆ ಹಾಕಿ, ಬ್ಯಾಟುಗಾರ ದಕ್ಷಿಣಕ್ಕೆ ಮುಖ ಮಾಡಲಿ. ಆಗ ಮೊದಲ ಬೇಸ್ ಪಶ್ಚಿಮಕ್ಕೆ ಬೀಳುತ್ತದೆ, ಅಲ್ಲಿ ಥ್ರೋ ಹಿಡಿಯುವವರ ಬೆನ್ನಿಗೆ ಸೂರ್ಯ.

ಅಳತೆಗೆ ಟೇಪಿನ ಜೊತೆ 130 ಅಡಿಯ ಹಗ್ಗ, ನಡುವೆ 65 ಅಡಿಗೆ ಒಂದು ಗಂಟು. ನೈಲಾನ್ ಬೇಡ, ಒದ್ದೆಯಾದರೆ ಹಿಗ್ಗುತ್ತದೆ; ಪಾಲಿಯೆಸ್ಟರ್ ಹಗ್ಗ ತನ್ನಿ. ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿಯಿಂದ ನೇರ 91 ಅಡಿ 11 ಇಂಚಿಗೆ ಎರಡನೇ ಬೇಸ್. ಹಗ್ಗದ ಎರಡು ತುದಿಗಳನ್ನು ಈ ಎರಡು ಬಿಂದುಗಳಲ್ಲಿ ಹಿಡಿದು ಗಂಟನ್ನು ಬಲಕ್ಕೆ ಬಿಗಿಯಾಗಿ ಎಳೆದರೆ ಮೊದಲ ಬೇಸ್, ಎಡಕ್ಕೆ ಎಳೆದರೆ ಮೂರನೆಯದು. ಮೂವರಿದ್ದರೆ ಐದು ನಿಮಿಷದ ಕೆಲಸ. ಪಿಚರ್‌ನ ಪ್ಲೇಟು ಅದೇ ನಡುಗೆರೆಯಲ್ಲಿ 50 ಅಡಿಗೆ. ಮೊದಲ ಮತ್ತು ಮೂರನೇ ಬೇಸ್ ಸೇರಿಸುವ ಗೆರೆಗಿಂತ ಅದು ಸುಮಾರು 4 ಅಡಿ ಹಿಂದಿರಬೇಕು. ಮುಂದೆ ಬಂದಿದ್ದರೆ ಎಲ್ಲೋ ಅಳತೆ ತಪ್ಪಿದೆ. ಕೆಲವು ಸ್ಪರ್ಧೆಗಳಲ್ಲಿ ಬೇಸ್ 70 ಅಡಿಗೆ ಇರುತ್ತದೆ, ಹೊರಗೆ ಆಡಲು ಹೋಗುವ ಮುನ್ನ ಕೇಳಿಕೊಳ್ಳಿ. ಗುರುತಿಗೆ ಕಬ್ಬಿಣದ ಗೂಟ ಬಿಟ್ಟು ಬರಬೇಡಿ. ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಹೋದರೆ ಜಾಗವೂ ಹೋಯಿತು. ಗೆರೆ ಬಳಿಯುವ ಬಣ್ಣದ ಒಂದೊಂದು ಚುಕ್ಕೆ ಸಾಕು.

ಸಾಮಾನು: ಗ್ಲೌಸು 12, ಅದರಲ್ಲಿ ಎರಡು ಎಡಗೈಯಿಂದ ಎಸೆಯುವವರಿಗೆ. ಒಂದು ಹೊತ್ತಿಗೆ ಒಂದೇ ತಂಡ ಫೀಲ್ಡ್ ಮಾಡುವುದರಿಂದ ಇಷ್ಟನ್ನೇ ಇಬ್ಬರೂ ಹಂಚಿಕೊಳ್ಳಬಹುದು. ಅಳತೆ 12.5ರಿಂದ 13 ಇಂಚು. ಬೇಸ್‌ಬಾಲ್‌ನ ಚಿಕ್ಕ ಗ್ಲೌಸಿನಲ್ಲಿ 12 ಇಂಚು ಸುತ್ತಳತೆಯ ಚೆಂಡು ನಿಲ್ಲುವುದಿಲ್ಲ, ಆನ್‌ಲೈನಲ್ಲಿ ಅಗ್ಗಕ್ಕೆ ಕಂಡರೆ ಮರುಳಾಗಬೇಡಿ. ಚೆಂಡು ಒಂದು ಡಜನ್, ಸಿಂಥೆಟಿಕ್ ಹೊದಿಕೆಯದು. ಚರ್ಮದ್ದು ನೀರು ಕುಡಿದು ಭಾರವಾಗುತ್ತದೆ. ಮೇಲೆ ಅಚ್ಚಾಗಿರುವ ಸಿ.ಓ.ಆರ್. (ಚೆಂಡು ಎಷ್ಟು ಪುಟಿಯುತ್ತದೆ ಎಂಬ ಅಳತೆ) ಅಂಕಿ ನೋಡಿ: ಚಿಕ್ಕ ಮೈದಾನಕ್ಕೆ .44, ಅದು .52ರಷ್ಟು ಪುಟಿಯುವುದಿಲ್ಲ. ಬ್ಯಾಟು ಮೂರು, 34 ಇಂಚು ಉದ್ದ, 26ರಿಂದ 28 ಔನ್ಸ್, ಅಲ್ಯೂಮಿನಿಯಂನದು. ದುಬಾರಿ ಕಾಂಪೊಸಿಟ್ ಬ್ಯಾಟುಗಳನ್ನು ಸುಮಾರು 15 ಡಿಗ್ರಿಗಿಂತ ತಣ್ಣಗಿರುವಾಗ ಬಳಸಬೇಡಿ ಎಂದು ತಯಾರಕರೇ ಹೇಳುತ್ತಾರೆ, ಸೀಳುತ್ತವೆ. ಇಲ್ಲಿ ಜುಲೈ ಸಂಜೆಯೂ ಎಷ್ಟೋ ಸಲ ಅದಕ್ಕಿಂತ ತಣ್ಣಗೆ. ಮೊದಲ ಬೇಸ್ ಜೋಡಿಯದೇ ಇರಲಿ: ಬಿಳಿ ಅರ್ಧ ಫೀಲ್ಡರ್‌ಗೆ, ಫೌಲ್ ಕಡೆಯ ಕಿತ್ತಳೆ ಅರ್ಧ ಓಡುವವರಿಗೆ. ಹೊಸಬರು ಡಿಕ್ಕಿ ಹೊಡೆಯುವುದು ಅಲ್ಲೇ. ಬೂಟು ಕೊಳ್ಳಿಸಬೇಡಿ, ಫುಟ್‌ಬಾಲಿನ ಪ್ಲಾಸ್ಟಿಕ್ ಸ್ಟಡ್ ಎಲ್ಲರ ಮನೆಯಲ್ಲೂ ಇದೆ. ಲೋಹದ್ದು ಮಾತ್ರ ಬೇಡ. ನೆನೆದ ಗ್ಲೌಸನ್ನು ರೇಡಿಯೇಟರ್ ಮೇಲೆ ಇಟ್ಟರೆ ಚರ್ಮ ಬಿರಿಯುತ್ತದೆ, ಒಳಗೆ ಪತ್ರಿಕೆಯ ಕಾಗದ ತುಂಬಿ ನೆರಳಲ್ಲಿ ಒಣಗಿಸಿ.

ಕಲಿಸುವಾಗ ಪ್ರತಿಯೊಬ್ಬರೂ ತಮ್ಮ ಹಳೆಯ ಆಟವನ್ನು ಹೊತ್ತು ತರುತ್ತಾರೆ. ಬಲಗೈ ಹರ್ಲಿಂಗ್ ಆಟಗಾರ ಹಿಡಿಯ ತುದಿಯಲ್ಲಿ ಬಲಗೈ ಇಡುತ್ತಾನೆ. ಅದೇ ಹಿಡಿತದಲ್ಲಿ ಬಲಗೈ ಬ್ಯಾಟುಗಾರನ ಜಾಗಕ್ಕೆ ನಿಂತರೆ ಕೈಗಳು ಅಡ್ಡಹಾಯ್ದು, ಮಣಿಕಟ್ಟು ತಿರುಗದೆ ಚೆಂಡು ನೆಲಕ್ಕೇ ಹೋಗುತ್ತದೆ. ಹಿಡಿತ ಬದಲಿಸಲು ಗುದ್ದಾಡುವ ಬದಲು ಅವನನ್ನು ಪ್ಲೇಟಿನ ಆಚೆ ಬದಿಗೆ, ಎಡಗೈ ಬ್ಯಾಟುಗಾರನ ಜಾಗಕ್ಕೆ ನಿಲ್ಲಿಸಿ. ಹಿಡಿತ ತಾನಾಗಿ ಸರಿ. ಕ್ರಿಕೆಟ್‌ನಿಂದ ಬಂದ ನಮ್ಮವರು ಬ್ಯಾಟು ಹಿಡಿದೇ ಓಡುತ್ತಾರೆ, ಹಿಂದಕ್ಕೆ ಗ್ಲಾನ್ಸ್ ಮಾಡಿ ಹಿಗ್ಗುತ್ತಾರೆ. ಅದು ಫೌಲ್. ಸ್ಲೋಪಿಚ್‌ನಲ್ಲಿ ಎರಡು ಸ್ಟ್ರೈಕ್ (ಹೊಡೆಯದೆ ತಪ್ಪಿಸಿಕೊಂಡ ಒಳ್ಳೆಯ ಚೆಂಡು) ಆದ ಮೇಲಿನ ಫೌಲ್ ಔಟ್ ಕೂಡ. ಗ್ಲೌಸು ಎಸೆಯುವ ಕೈಗಲ್ಲ, ಇನ್ನೊಂದು ಕೈಗೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಪಿಚರ್‌ಗೆ ಅಭ್ಯಾಸ ಕೊಡಲು ಸಾಕರ್ ಗೋಲು ಒಳ್ಳೆಯದು: ಅಡ್ಡಪಟ್ಟಿ 8 ಅಡಿ ಎತ್ತರ, ಅದರ ಈಚೆ 25 ಅಡಿಯಲ್ಲಿ ನಿಂತು ಕೆಳಗೈಯಿಂದ, ಪಟ್ಟಿಯ ಮೇಲೆ ಹಾದುಹೋಗುವಂತೆ ಎಸೆದು ಆಚೆ 25 ಅಡಿಗೆ ಹಾಸಿದ ಚಾಪೆಗೆ ಬೀಳಿಸಬೇಕು. ಅತ್ಯುತ್ತಮ ಕೈ ಇರುವವರನ್ನು ಹೊರಮೈದಾನಕ್ಕೆ ಕಳಿಸುವುದು ಎಲ್ಲರ ಆಸೆ. ನನ್ನ ಮತ ಬೇರೆ, ಅವರು ಮೊದಲ ಬೇಸ್‌ನಲ್ಲಿರಬೇಕು. ನೆಲದ ಚೆಂಡನ್ನು ಎತ್ತಿ ಅಲ್ಲಿಗೆ ಎಸೆದ ಥ್ರೋ ಕೈಬಿಟ್ಟರೆ ಆ ಔಟ್ ಸಿಗುವುದಿಲ್ಲ. ಔಟ್ ಸಿಗದೆ ಒಂದೇ ಇನಿಂಗ್ಸ್ ಅರ್ಧ ಗಂಟೆ ಎಳೆದರೆ ಫೀಲ್ಡ್‌ನಲ್ಲಿರುವವರು ಮುಂದಿನ ವಾರ ಬರುವುದಿಲ್ಲ. ಇನಿಂಗ್ಸಿಗೆ ಗರಿಷ್ಠ 5 ರನ್ ಎಂದು ಮಿತಿ ಹಾಕಿ. ಗಂಡಸಿಗೆ ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಸಿಗುವ ಪುಕ್ಕಟೆ ಬೇಸ್) ಕೊಟ್ಟರೆ ಎರಡನೇ ಬೇಸ್‌ವರೆಗೂ ಹೋಗಲಿ ಎಂಬ ಕೂಡು ಆಟದ ನಿಯಮವನ್ನು ಮಾತ್ರ ಸಡಿಲಿಸಬೇಡಿ. ಅದಿಲ್ಲದಿದ್ದರೆ ಬಲವಾಗಿ ಹೊಡೆಯುವವನನ್ನು ಬೇಕೆಂದೇ ಕಳಿಸಿ ಮುಂದಿನ ಹೆಣ್ಣುಮಗಳನ್ನು ಗುರಿ ಮಾಡುತ್ತಾರೆ.

ಕಾಗದಪತ್ರ ಚಳಿಗಾಲದಲ್ಲೇ ಮುಗಿಸಿ. ಜಾಗದವರು ಮೊದಲು ಕೇಳುವುದು ವಿಮೆ, ಸಾಮಾನ್ಯವಾಗಿ 65 ಲಕ್ಷ ಯೂರೋ ಸಾರ್ವಜನಿಕ ಹೊಣೆಗಾರಿಕೆಯದು, ಪತ್ರದಲ್ಲಿ ಅವರ ಹೆಸರೂ ಇರಬೇಕು. ರಾಷ್ಟ್ರೀಯ ಸಂಸ್ಥೆಯಾದ ಸಾಫ್ಟ್‌ಬಾಲ್ ಐರ್ಲೆಂಡ್‌ಗೆ ಸೇರುವಾಗ ಅವರ ರಕ್ಷಣೆ ಯಾವುದಕ್ಕೆಲ್ಲ ಅನ್ವಯಿಸುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಒಂದು ಪುಟದ ಸಂವಿಧಾನ, ಸಭೆಯ ನಡಾವಳಿ ಇದ್ದರೆ ಕ್ರೆಡಿಟ್ ಯೂನಿಯನ್‌ನಲ್ಲಿ ಇಬ್ಬರ ಸಹಿಯ ಖಾತೆ ತೆರೆಯಬಹುದು. ಖಾತೆ ಇದ್ದರೆ ಕೌಂಟಿಯ ಲೋಕಲ್ ಸ್ಪೋರ್ಟ್ಸ್ ಪಾರ್ಟ್‌ನರ್‌ಶಿಪ್‌ನ ಸಣ್ಣ ಅನುದಾನಕ್ಕೆ ಅರ್ಜಿ ಹಾಕಬಹುದು. ಗ್ಲೌಸು, ಬೇಸ್‌ಗಳಿಗೆ ಅದೇ ಸಾಕಾಗುತ್ತದೆ. ಹದಿನೆಂಟರೊಳಗಿನವರನ್ನು ಸೇರಿಸಿಕೊಂಡರೆ ಅವರಿಗೆ ಕಲಿಸುವ ಪ್ರತಿ ವಯಸ್ಕರಿಗೂ ಗಾರ್ಡಾ ವೆಟ್ಟಿಂಗ್ (ಪೊಲೀಸರ ಹಿನ್ನೆಲೆ ಪರಿಶೀಲನೆ) ಕಡ್ಡಾಯ, 2016ರಿಂದ ಅದು ಕಾನೂನು. ಮಕ್ಕಳ ರಕ್ಷಣೆಯ ತರಬೇತಿಯೂ ಆಗಬೇಕು. ಇದಕ್ಕೆಲ್ಲ ವಾರಗಳು ಹಿಡಿಯುತ್ತವೆ, ಹಾಗಾಗಿ ಮೊದಲ ಬೇಸಿಗೆ ವಯಸ್ಕರಿಗಷ್ಟೇ ಆಡಿಸಿ. ಮಕ್ಕಳ ವಿಭಾಗ ಬೇಕೆಂದರೆ ಆ ಅರ್ಜಿಗಳನ್ನು ಸೆಪ್ಟೆಂಬರ್‌ನಲ್ಲಿ ಹಾಕಿದರೆ ಮುಂದಿನ ಮೇ ತಿಂಗಳಿಗೆ ಸಿದ್ಧರಿರುತ್ತೀರಿ.