ಮಾದರಿ ಕಾರಿನ ಸ್ಕ್ರೂ, ನಟ್: ಥ್ರೆಡ್ ಅಳತೆ ಗುರುತಿಸುವುದು ಹೇಗೆ?

ಮಾದರಿ ಕಾರುಗಳನ್ನು ಬಿಚ್ಚಿ ಜೋಡಿಸುವಾಗ ಥ್ರೆಡ್ (ಸ್ಕ್ರೂವಿನ ಮೈಮೇಲೂ ನಟ್ಟಿನ ಒಳಗೂ ಇರುವ ಸುರುಳಿ ಏಣು) ಹಾಳಾಗುವುದು ಬಿಗಿ ಹೆಚ್ಚಾದುದರಿಂದ ಎಂದು ಹಲವರು ಭಾವಿಸುತ್ತಾರೆ. ನಾನು ಕಂಡಂತೆ ತಪ್ಪು ಅದಕ್ಕೂ ಮೊದಲೇ ಆಗಿರುತ್ತದೆ: ಸ್ಕ್ರೂವಿನ ದಪ್ಪವನ್ನಷ್ಟೇ ನೋಡಿ ನಟ್ ಆರಿಸಿರುತ್ತಾರೆ, ಪಿಚ್ ನೋಡಿರುವುದಿಲ್ಲ.

ಹಂತ 1: ‘ಎಂ3×10’ ಎಂದರೆ ಹೊರವ್ಯಾಸ 3 ಮಿ.ಮೀ., ಉದ್ದ 10 ಮಿ.ಮೀ. ಪಿಚ್ ಎಂಬುದು ಒಂದು ಥ್ರೆಡ್ಡಿನ ಏಣಿನಿಂದ ಮುಂದಿನ ಏಣಿಗೆ ಇರುವ ಅಂತರ. ಅದನ್ನು ನಮೂದಿಸದಿದ್ದರೆ ಎಂ2ಕ್ಕೆ 0.4, ಎಂ2.5ಕ್ಕೆ 0.45, ಎಂ3ಕ್ಕೆ 0.5, ಎಂ4ಕ್ಕೆ 0.7 ಮಿ.ಮೀ. ಎಂದು ತಿಳಿಯಬೇಕು. ಇಂಚಿನ ಪದ್ಧತಿಯ ‘4-40’ರಲ್ಲಿ 4 ಗಾತ್ರದ ಕ್ರಮಸಂಖ್ಯೆ, 40 ಒಂದು ಇಂಚಿನಲ್ಲಿರುವ ಥ್ರೆಡ್ಡುಗಳ ಎಣಿಕೆ. ಆ 4ನ್ನು ಮಿಲಿಮೀಟರ್ ಎಂದುಕೊಂಡು ಎಂ4 ನಟ್ ತರುವವರೂ ಇದ್ದಾರೆ.

ಹಂತ 2: ಉದ್ದವನ್ನು ತಲೆಯ ಕೆಳಗಿನಿಂದ ಅಳೆಯಬೇಕು, ಮೇಲ್ಮೈಗೆ ಸಮವಾಗಿ ಕೂರುವ ಚಪ್ಪಟೆ ತಲೆಯ ಸ್ಕ್ರೂ ಆದರೆ ತಲೆಯನ್ನೂ ಸೇರಿಸಿ.

ಹಂತ 3: ಎಡವುವುದು ಇಲ್ಲಿಯೇ. ಎಂ3 ಸ್ಕ್ರೂವನ್ನು ಕ್ಯಾಲಿಪರಿನಲ್ಲಿ (ದಪ್ಪ, ಅಂತರ ಅಳೆಯುವ ಸಾಧನ) ಹಿಡಿದರೆ ಪೂರ್ತಿ 3 ಬಾರದೆ, ಸಾಮಾನ್ಯವಾಗಿ 2.9ರ ಆಸುಪಾಸು ತೋರುತ್ತದೆ. 4-40 ಸ್ಕ್ರೂವಿನ ಹೊರವ್ಯಾಸವೋ 2.84 ಮಿ.ಮೀ. ಇಷ್ಟು ಸಣ್ಣ ಅಂತರವನ್ನು ನಂಬಿ ತೀರ್ಮಾನಿಸಬಾರದು. ಒಂದು ಏಣನ್ನು ಸೊನ್ನೆಯೆಂದು ಹಿಡಿದು ಅಲ್ಲಿಂದ ಹತ್ತನೆಯ ಏಣಿನವರೆಗಿನ ದೂರವನ್ನು ಅಳೆಯಿರಿ: ಎಂ3 ಆಗಿದ್ದರೆ 5 ಮಿ.ಮೀ., 4-40 ಆಗಿದ್ದರೆ 6.35 ಮಿ.ಮೀ. ಬರುತ್ತದೆ. ಮೊದಲ ಏಣನ್ನೇ ಒಂದು ಎಂದು ಎಣಿಸಿದರೆ ಲೆಕ್ಕದಲ್ಲಿ ಒಂದು ಪಿಚ್ ಕಡಿಮೆಯಾಗುತ್ತದೆ. ಕ್ಯಾಲಿಪರ್ ಇಲ್ಲದವರು ಖಚಿತವಾಗಿ ಎಂ3 ಎಂದು ತಿಳಿದಿರುವ ಸ್ಕ್ರೂವನ್ನು ಪಕ್ಕಕ್ಕೆ ಒತ್ತಿ ಹಿಡಿದು ಬೆಳಕಿಗೆ ಒಡ್ಡಲಿ. ಥ್ರೆಡ್ಡುಗಳು ಉದ್ದಕ್ಕೂ ಒಂದರೊಳಗೊಂದು ಕೂತು ನಡುವೆ ಬೆಳಕು ಹಾಯದಿದ್ದರೆ ಪಿಚ್ ಒಂದೇ. ನಟ್ ಹಾಕಿ ನೋಡುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಎಂ3 ನಟ್ 4-40 ಸ್ಕ್ರೂವಿನ ಮೇಲೆ ಮೊದಲ ಸುತ್ತು ಸಲೀಸಾಗಿ ಹೋಗಿ, ಸರಿಯಿದೆ ಎಂಬ ಭ್ರಮೆ ಹುಟ್ಟಿಸಿ, ಆಮೇಲೆ ಸಿಕ್ಕಿಕೊಳ್ಳುತ್ತದೆ. ಆಗ ಸ್ಪ್ಯಾನರ್ ಹಾಕಿ ತಿರುಗಿಸಿದವರ ಥ್ರೆಡ್ ಉಳಿಯುವುದಿಲ್ಲ.

ಹಂತ 4: ಅಳತೆ ಖಚಿತವಾದ ಮೇಲೆ ನಟ್ಟನ್ನು ಬೆರಳಿನಿಂದಲೇ ತಿರುಗಿಸಿ. ನೈಲಾನ್ ಉಂಗುರದ ನಟ್ ಮಾತ್ರ ಉಂಗುರ ತಲುಪಿದಾಗ ಬಿಗಿಯಾಗುವುದು ಸಹಜ. ಸ್ಟೀರಿಂಗ್ ಕೊಂಡಿಯಲ್ಲಿ ಉದ್ದ ಹೊಂದಿಸುವ ಸರಳಾದ ಟರ್ನ್‌ಬಕಲಿನ ಒಂದು ತುದಿಯಲ್ಲಿ ಎಡಮುಖ (ವಿರುದ್ಧ ದಿಕ್ಕಿಗೆ ತಿರುಗಿಸಬೇಕಾದ) ಥ್ರೆಡ್ ಇರುತ್ತದೆ. ಅದು ತಪ್ಪು ಅಳತೆಯಲ್ಲ.

ಎಲ್ಲ ಗಾತ್ರಗಳನ್ನೂ ಬೆರೆಸಿ ಮಾರುವ ಅಗ್ಗದ ಸ್ಕ್ರೂ ಡಬ್ಬಿಗಳನ್ನು ಕೊಳ್ಳಬೇಡಿ. ಅವುಗಳ ಮೆದು ಲೋಹದ ತಲೆಯೊಳಗೆ ಅಲೆನ್ ಕೀ ಬೇಗನೆ ಜಾರತೊಡಗುತ್ತದೆ.

ಪ್ಲಾಸ್ಟಿಕ್ಕಿಗೆ ನೇರವಾಗಿ ಹೋಗುವ ಸ್ಕ್ರೂವನ್ನು ಮರಳಿ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಿ, ಅದು ಹಳೆಯ ಥ್ರೆಡ್ಡಿಗೆ ‘ಟಕ್’ ಎಂದು ಇಳಿದ ಮೇಲಷ್ಟೇ ಮುಂದಕ್ಕೆ ತಿರುಗಿಸಿ.