ಹಾಡುವುದಕ್ಕೇ ಅಂತ ಒಬ್ಬ ಬೇಡ: ನಮ್ಮ ನಾಲ್ವರ ಬ್ಯಾಂಡಿನ ಅನುಭವ

ಸಿಂಗರ್ ಇಲ್ಲದೆ ರಾಕ್ ಬ್ಯಾಂಡ್ ನಡೆಯುವುದಿಲ್ಲ ಅಂತ ಕಾಸರಗೋಡಿನಲ್ಲಿ ನಮಗೆ ಹೇಳದವರಿಲ್ಲ. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಕರೆಯುವವರು, ಸೌಂಡ್‌ನವರು, ಮಂಗಳೂರಿನ ಹಳೇ ಬ್ಯಾಂಡಿನ ಗೆಳೆಯರು, ಎಲ್ಲರದ್ದೂ ಒಂದೇ ಮಾತು. ಈಗ ಎರಡು-ಮೂರು ಸೀಸನ್ ಆಯಿತು. ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್, ಕೀಬೋರ್ಡ್ ಇಷ್ಟರಲ್ಲೇ ಎರಡೂವರೆ ಗಂಟೆಯ ಪ್ರೋಗ್ರಾಂ ಕೊಡುತ್ತಿದ್ದೇವೆ. ಬರೀ ಮೈಕ್ ಹಿಡಿದು ನಿಲ್ಲುವವರು ಯಾರೂ ಇಲ್ಲ. ನಾನು ಕೀಬೋರ್ಡ್‌ನವನು.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಐದು ಜನ ಇದ್ದಾಗ ಒಂದು ಪ್ರೋಗ್ರಾಮಿಗೆ 20 ಸಾವಿರದ ಆಸುಪಾಸು ಸಿಗುತ್ತಿತ್ತು. ಸಿಂಗರ್‌ಗೆ 6 ಸಾವಿರ. ಬಾಡಿಗೆ ಸಾಮಾನು, ಗಾಡಿ, ಊಟ ಅಂತ ಇನ್ನೊಂದು 6 ಸಾವಿರ. ಉಳಿದ ನಾಲ್ವರಿಗೆ ತಲೆಗೆ 2 ಸಾವಿರ. ಅದಾದರೂ ಪರವಾಗಿಲ್ಲ, ಆದರೆ ಮದುವೆ ಸೀಸನ್‌ನಲ್ಲಿ ಗಾನಮೇಳದವರು ಹೆಚ್ಚು ಕೊಟ್ಟು ಕರೆದರೆ ನಮ್ಮ ಸಿಂಗರ್ ಹಿಂದಿನ ದಿನ ಸಂಜೆ ಫೋನ್ ಮಾಡಿ "ಆಗುವುದಿಲ್ಲ" ಅನ್ನುತ್ತಿದ್ದ. ಅವನ ನಂತರ ಬಂದವನು ಒಳ್ಳೆಯ ಹುಡುಗ, ಗಲ್ಫಿಗೆ ಹೋದ. ಮತ್ತೊಬ್ಬನನ್ನು ಹುಡುಕಿ, ಇಡೀ ಲಿಸ್ಟ್ ಅವನ ಸ್ಕೇಲ್‌ಗೆ ಬದಲಾಯಿಸಿ, ಪುನಃ ಪ್ರಾಕ್ಟೀಸ್ ಮಾಡುವ ತಾಳ್ಮೆ ನಮಗೆ ಉಳಿದಿರಲಿಲ್ಲ.

ಹಾಗಾಗಿ ನುಡಿಸುವ ನಾವೇ ಹಾಡುವುದು ಅಂತಾಯಿತು. ಇದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನಲ್ಲಿ ಗಿಟಾರಿನ ಗಿಲ್ಮೋರ್, ಬೇಸಿನ ವಾಟರ್ಸ್, ಕೀಬೋರ್ಡಿನ ರೈಟ್ ಮೂವರೂ ಹಾಡುತ್ತಿದ್ದರು. ಸ್ಟ್ರಾಂಗ್ಲರ್ಸ್‌ನಲ್ಲಿ ಗಿಟಾರ್‌ನವರೂ ಬೇಸ್‌ನವರೂ ಹಾಡು ಹಂಚಿಕೊಂಡರೆ, ಕೀಬೋರ್ಡಿನ ಡೇವ್ ಗ್ರೀನ್‌ಫೀಲ್ಡ್ ಮಧ್ಯೆ ತುಂಬಿಸುತ್ತಿದ್ದರು. ಟಾಕಿಂಗ್ ಹೆಡ್ಸ್‌ಗೆ 1977ರಲ್ಲಿ ಜೆರ್ರಿ ಹ್ಯಾರಿಸನ್ ಸೇರಿ ನಾಲ್ವರಾದ ಮೇಲೂ ಹಾಡುತ್ತಿದ್ದದ್ದು ಗಿಟಾರ್ ಹಿಡಿದ ಡೇವಿಡ್ ಬರ್ನ್. ನಮ್ಮ ದೇಶದ್ದೇ ಬೇಕೆಂದರೆ ಇಂಡಿಯನ್ ಓಷನ್ ನೋಡಿ. ಕೀಬೋರ್ಡ್ ಇಲ್ಲ, ಆದರೆ ಅಸೀಮ್ ಚಕ್ರವರ್ತಿ ತಬಲಾ ಬಾರಿಸುತ್ತಾ ಹಾಡುತ್ತಿದ್ದರು, ರಾಹುಲ್ ರಾಮ್ ಬೇಸ್ ಹಿಡಿದೇ ಹಾಡುತ್ತಾರೆ. ಇಷ್ಟು ದೂರ ಹೋಗುವುದೂ ಬೇಡ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ಯಕ್ಷಗಾನದ ಭಾಗವತರು ತಾಳ ಹಾಕುತ್ತಾ ಹಾಡುತ್ತಾರೆ, ಇಡೀ ಆಟವನ್ನೂ ಅವರೇ ನಡೆಸುತ್ತಾರೆ. ಅದನ್ನು ಬೆಳಗಿನ ತನಕ ಕೂತು ನೋಡಿದವರೇ ನಮಗೆ "ಬಾರಿಸುತ್ತಾ ಹಾಡಲಿಕ್ಕೆ ಎಲ್ಲಿ ಆಗ್ತದೆ ಮಾರಾಯ" ಅಂದರು!

ಶುರುವಿನಲ್ಲಿ ಎಲ್ಲರೂ ಮಾಡುವಂತೆ ಮಾಡಿದೆವು. ಸ್ವರ ಚೆನ್ನಾಗಿರುವವನಿಗೆ ಎಲ್ಲ ಹಾಡು. ನಮ್ಮಲ್ಲಿ ಅದು ಬೇಸ್‌ನವನು. ಅವನು ಹಾಡಲು ಶುರುಮಾಡಿದರೆ ಬೇಸ್ ಲೈನ್ ಸಪ್ಪೆ. ಬೇಸ್ ಸರಿ ಹಿಡಿದರೆ ಹಾಡು ತಾಳಕ್ಕೆ ಅಂಟಿಕೊಂಡು ಯಂತ್ರದ ಹಾಗೆ. ಉಪ್ಪಳದ ಕಡೆ ಒಂದು ಪ್ರೋಗ್ರಾಮಿನಲ್ಲಿ ಮೂರನೇ ಹಾಡಿಗೇ ಜನ ಎದ್ದು ಐಸ್‌ಕ್ರೀಂ ಗಾಡಿಯ ಹತ್ತಿರ ಹೋದರು. ಆ ರಾತ್ರಿ ಕೈಗೆ ಸಿಕ್ಕಿದ್ದು 9 ಸಾವಿರವೋ ಏನೋ.

ಕೊನೆಗೆ ನಿಂತ ಕ್ರಮ ಇದು: ಸ್ವರ ನೋಡಿ ಹಾಡು ಹಂಚಬೇಡಿ, ಕೈ ನೋಡಿ ಹಂಚಿ. ಹಾಡನ್ನು ಪಲ್ಲವಿ, ಚರಣ, ಬ್ರಿಡ್ಜ್ ಅಂತ ತುಂಡು ಮಾಡಿ ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿ ತುಂಡಿನಲ್ಲಿ ಯಾರ ಕೈಗೆ ಕೆಲಸ ಕಡಿಮೆ ಅಂತ ಗುರುತು ಹಾಕಿ. ಆ ತುಂಡು ಅವನ ಬಾಯಿಗೆ. ಒಂದೇ ಹಾಡಿನಲ್ಲಿ ಇಬ್ಬರು ಹಾಡಿದರೆ ಕೇಳುವವರಿಗೆ ಬೇಜಾರಿಲ್ಲ, ಜಾಸ್ತಿ ಖುಷಿಯೇ.

ಇಲ್ಲಿ ಕೀಬೋರ್ಡಿನ ಬೆಲೆ ಗೊತ್ತಾಗುತ್ತದೆ. ಮೂವರ ಬ್ಯಾಂಡಿನಲ್ಲಿ ಹಾಡುವವನು ಕೈ ಹಗುರ ಮಾಡಿದರೆ ಅಲ್ಲಿ ಹಳ್ಳ ಬೀಳುತ್ತದೆ. ನಾಲ್ಕನೆಯವನಾಗಿ ಕೀಬೋರ್ಡ್ ಇದ್ದರೆ ಯಾರು ಹಾಡುತ್ತಾರೋ ಅವರ ಅರ್ಧ ಕೆಲಸ ನಾನು ಎತ್ತಿಕೊಳ್ಳಬಹುದು. ಒಂದು ಉದಾಹರಣೆ. ನಮ್ಮದೇ ಒಂದು ಹಾಡಿನ ಚರಣಕ್ಕೆ ಆಫ್‌ಬೀಟ್‌ನಲ್ಲಿ ಓಡುವ ಬೇಸ್ ಇದೆ. ಸಾಲುಗಳು ಮಾತ್ರ ಬೀಟಿನ ಮೇಲೆಯೇ ಬೀಳುತ್ತವೆ. ಅದನ್ನು ಹಾಡಬೇಕಾದವನು ಬೇಸ್‌ನವನೇ, ಯಾಕೆಂದರೆ ಅದು ಮಲಯಾಳದ ಚರಣ. ಆ ಎಂಟು ಬಾರ್‌ಗೆ (ತಾಳದ ಎಂಟು ಸುತ್ತಿಗೆ) ನಾನು ಕೀಬೋರ್ಡ್ ಸ್ಪ್ಲಿಟ್ ಮಾಡಿ, ಅಂದರೆ ಎರಡು ಭಾಗ ಮಾಡಿ, ಎಡಗೈಯಲ್ಲಿ ಬೇಸ್ ಹಿಡಿಯುತ್ತೇನೆ. ಅವನು ತಂತಿ ಪೂರ್ತಿ ಬಿಟ್ಟುಬಿಡಬೇಕು. ಸುಮ್ನೆ ಒಂದೊಂದು ರೂಟ್ (ಕಾರ್ಡಿನ ಮೂಲ ಸ್ವರ) ಹಾಕುತ್ತೇನೆ ಅಂತ ಹೊರಟರೆ ಎರಡು ಬೇಸ್ ಸೇರಿ ಕೆಳಗೆಲ್ಲ ಗೊಜ್ಜಾಗುತ್ತದೆ. ಒಂಬತ್ತನೇ ಬಾರ್‌ಗೆ ಅವನು ಸ್ಲೈಡ್ ಮಾಡಿಕೊಂಡು ಒಳಗೆ ಬರುತ್ತಾನೆ, ನಾನು ಆರ್ಗನ್‌ಗೆ ಹೋಗುತ್ತೇನೆ. ಜನ ಚಪ್ಪಾಳೆ ತಟ್ಟುವುದು ಸರಿಯಾಗಿ ಅಲ್ಲಿ.

ಭಾಷೆಯ ಲಾಭ ನಾವು ಯೋಚಿಸದೆ ಬಂದದ್ದು. ನಮ್ಮೂರಲ್ಲಿ ಒಂದೇ ರಾತ್ರಿಗೆ ಕನ್ನಡ, ತುಳು, ಮಲಯಾಳ, ಹಿಂದಿ ಎಲ್ಲ ಬೇಕು. ಮಲಯಾಳದ ೞ ತಪ್ಪಿದರೆ ಮುಂದಿನ ಸಾಲಿನವರ ಮುಖ ತಕ್ಷಣ ಬದಲಾಗುತ್ತದೆ. ನಾಲ್ಕನ್ನೂ ಸರಿಯಾಗಿ ಹಾಡುವ ಒಬ್ಬ ಸಿಂಗರ್ ನನಗಂತೂ ಸಿಗಲಿಲ್ಲ. ಈಗ ಬೇಸ್‌ನವನದ್ದು ಮನೆಯಲ್ಲೇ ಮಲಯಾಳ, ನನ್ನದು ತುಳು, ಗಿಟಾರ್‌ನವನಿಗೆ ಕನ್ನಡ-ಹಿಂದಿ.

ಪ್ರಾಕ್ಟೀಸ್ ನಡೆದದ್ದು ಬದಿಯಡ್ಕ ಹತ್ತಿರ ಒಂದು ಅಡಿಕೆ ಗೋದಾಮಿನಲ್ಲಿ, ಮಳೆಗಾಲವಿಡೀ. ಶೀಟಿನ ಮೇಲೆ ಮಳೆ ಬಿದ್ದರೆ ಸ್ವರ ಕೇಳುವುದೇ ಇಲ್ಲ. ಆಗ ಹಾಡುವುದು ಬಿಟ್ಟು ಕೈ ಕೆಲಸ ಮಾತ್ರ. ಕೈಗೆ ಯೋಚನೆ ಬೇಡ ಅನ್ನಿಸುವ ತನಕ ನುಡಿಸಿ, ಆಮೇಲೆ ನಿಮಿಷಕ್ಕೆ 60 ಬೀಟಿನ ಟೆಂಪೋದಲ್ಲಿ ಸಾಹಿತ್ಯವನ್ನು ಬರೀ ಮಾತಿನ ಹಾಗೆ ಹೇಳಿ, ಕೊನೆಗೆ ರಾಗ. ಕೋರಸ್‌ನಲ್ಲಿ ಬೇರೆಯೇ ತೊಂದರೆ. ನಾವೆಲ್ಲ ಭಜನೆಯಲ್ಲಿ ಬೆಳೆದವರು, ಬಾಯಿ ತೆರೆದರೆ ಎಲ್ಲರೂ ಒಂದೇ ಸ್ವರಕ್ಕೆ ಓಡುತ್ತೇವೆ. ಮೂಲ ಸ್ವರ ಬಿಟ್ಟು ಅದರ ಮೂರನೇ ಸ್ವರದಲ್ಲಿ ಗಟ್ಟಿಯಾಗಿ ನಿಲ್ಲಲು ಒಂದು ಇಡೀ ಮಳೆಗಾಲ ಬೇಕಾಯಿತು.

ಸಾಮಾನಿನಲ್ಲಿ ದುಡ್ಡು ಹೋದದ್ದು ಹೆಡ್‌ಸೆಟ್ ಮೈಕಿನಲ್ಲಿ. ಕಂಡೆನ್ಸರ್, ಎರಡಕ್ಕೆ ಸುಮಾರು 14 ಸಾವಿರ. ಡ್ರಮ್ಮರ್‌ಗೆ ಹಾಕಿದರೆ ಸ್ವರಕ್ಕಿಂತ ಸಿಂಬಲ್ ಜಾಸ್ತಿ. ಸಣ್ಣ ಸದ್ದನ್ನು ತಡೆಯುವ ಗೇಟ್ ಹಾಕಿ ನೋಡಿದೆವು, ಹಾಡಿದಾಗ ಗೇಟ್ ತೆರೆದು ಹೈಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್) ಒಳಗೆ ನುಗ್ಗುತ್ತದೆ. ಮಾರಿದೆವು. ಈಗ ಎಲ್ಲರಿಗೂ ಡೈನಾಮಿಕ್ ಮೈಕ್, ಬೂಮ್ ಸ್ಟ್ಯಾಂಡ್. ಡ್ರಮ್ಮರ್ ಕೋರಸ್‌ಗೆ ಮಾತ್ರ, ಉಳಿದ ಹೊತ್ತು ಮ್ಯೂಟ್. ಕೀಬೋರ್ಡಿನವರಿಗೆ ಒಂದು ಮಾತು: ಸ್ಟ್ಯಾಂಡ್ ಎತ್ತರ ಮಾಡಿ, ಮೈಕನ್ನು ಕೀಗಳ ಮೇಲೆ ತರದೆ ಮುಖಕ್ಕೆ ನೇರ ತನ್ನಿ. ಕೆಳಗೆ ನೋಡಿ ಹಾಡಿದರೆ ಅರ್ಧ ಸ್ವರ ಕೀಬೋರ್ಡಿಗೇ ಹೋಗುತ್ತದೆ.

ನಿಜವಾಗಿ ದಾರಿ ತೆರೆದದ್ದು ಕಿವಿ ಮಾನಿಟರ್, ಅಂದರೆ ನಮ್ಮ ಸ್ವರ ನಮಗೇ ಕೇಳಿಸುವ ಇಯರ್‌ಫೋನ್. ಅದರ ಬದಲು ವೆಡ್ಜ್ (ಕಾಲ ಬಳಿಯ ಸ್ಪೀಕರ್) ಇಟ್ಟರೆ ನಾಲ್ಕು ಮೈಕ್ ತೆರೆದಿರುವಾಗ ಫೀಡ್‌ಬ್ಯಾಕ್ ತಪ್ಪದು. ಸೆಕೆಂಡ್‌ಹ್ಯಾಂಡ್ ಡಿಜಿಟಲ್ ಮಿಕ್ಸರ್ 45 ಸಾವಿರ, ತಂತಿಯ ಇಯರ್‌ಫೋನ್, ಪುಟ್ಟ ಆಂಪ್‌ಗಳು, ಮೈಕ್, ಕೇಬಲ್ ಎಲ್ಲ ಸೇರಿ 1 ಲಕ್ಷ ದಾಟಿತು. ಜೊತೆಗೆ ಕಂಪ್ಯೂಟರ್ ಯುಪಿಎಸ್ ಒಂದು, 3 ಸಾವಿರದ್ದು. ವೋಲ್ಟೇಜ್ ಕುಸಿದು ಕೀಬೋರ್ಡ್ ಆಫ್ ಆದರೆ ಪುನಃ ಏಳುವ ತನಕ ನಾಲ್ವರಲ್ಲಿ ಬೇಸ್ ಕೂಡ ಇಲ್ಲ, ಸಿಂಗರ್ ಕೂಡ ಇಲ್ಲ. ಹಾಕಿದ ದುಡ್ಡು ಒಂದೂವರೆ ಸೀಸನ್‌ನಲ್ಲಿ ವಾಪಸ್ ಬಂತು.

ಮಧ್ಯೆ ಒಮ್ಮೆ ಅಮೆರಿಕದ ಡೋರ್ಸ್ ಬ್ಯಾಂಡಿನ ದಾರಿಯನ್ನೂ ನೋಡಿದೆ. ಅಲ್ಲಿ ಕೀಬೋರ್ಡಿನ ಮಂಜರೆಕ್ ಎಡಗೈಯಲ್ಲಿ ಫೆಂಡರ್ ರೋಡ್ಸ್ ಪಿಯಾನೋ ಬೇಸ್ ನುಡಿಸುತ್ತಿದ್ದರು, ಬೇಸ್‌ನವರಿಲ್ಲ, ಸಿಂಗರ್ ಇದ್ದ. ನಮ್ಮದಕ್ಕೆ ತದ್ವಿರುದ್ಧ. 1971ರಲ್ಲಿ ಆ ಸಿಂಗರ್ ಮಾರಿಸನ್ ತೀರಿಹೋದ ಮೇಲೆ ಮಂಜರೆಕ್, ಗಿಟಾರಿನ ಕ್ರೀಗರ್ ತಾವೇ ಹಾಡಿದರು. ಬೇಸ್‌ನವನು ಜ್ವರದಲ್ಲಿ ಮಲಗಿದ್ದಾಗ ನಾನು ಹಾಗೆ ಇಡೀ ಪ್ರೋಗ್ರಾಂ ನಡೆಸಿದೆ. ನಡೆಯುತ್ತದೆ, ಆದರೆ ಎಡಗೈ ಓಡುತ್ತಾ ಹಾಡುವುದು ಎರಡು-ಮೂರು ಹಾಡಿಗೆ ಸಾಕು. ಯಕ್ಷಗಾನದ ಶ್ರುತಿಯ ಹಾಗೆ ಇಡೀ ಹಾಡಿಗೆ ಒಂದೇ ಸ್ವರ ಹಿಡಿದಿಡುವ ಪ್ರಯೋಗ ಅದಕ್ಕಿಂತ ಚೆನ್ನಾಗಿ ಕೂತಿತು. ಹಾಡುವವನ ಪಿಚ್ ಜಾರುವುದಿಲ್ಲ. ಆ ಪ್ಯಾಚ್ (ಕೀಬೋರ್ಡಿನ ಸದ್ದಿನ ಸೆಟ್ಟಿಂಗ್) ಹೇಗೆ ಮಾಡಿದೆ, ಹಾಡಿನ ಮಧ್ಯೆ ಸರದಿ ಬದಲಾಯಿಸಲು ಯಾವ ಸನ್ನೆ ಕೊಡುತ್ತೇವೆ, ಇವೆರಡನ್ನು ಬರೆಯುವುದಿಲ್ಲ. ಅದು ನಮ್ಮ ಹೊಟ್ಟೆಪಾಡು.

ಈಗ ರೇಟು 28 ಸಾವಿರದ ತನಕ ಬಂದಿದೆ, ಖರ್ಚು ಕಳೆದು ತಲೆಗೆ 5 ಸಾವಿರದ ಹತ್ತಿರ. ಮುಂದಿನ ಸೀಸನ್‌ಗೆ ಡ್ರಮ್ಮರ್‌ನಿಂದ ಒಂದು ಪೂರ್ತಿ ಹಾಡು ಹಾಡಿಸಬೇಕು ಅಂತಿದೆ. ಹಾಳೆಯ ಪ್ರಕಾರ ಆ ಹಾಡಿನಲ್ಲಿ ಅವನ ಬಲಗೈಯದ್ದು ಬರೀ ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್), ಹೈಹ್ಯಾಟ್ ಮುಟ್ಟುವುದೇ ಇಲ್ಲ.